ಬೆರಳು ಕಚ್ಚುವ ಪಿಯಾನೊ, ವಿಗ್ ಹಾಕಿದ ಹೀರೋಗಳು: ಜಪಾನಿ ಕಲ್ಟ್ ಹಾರರ್ ಮತ್ತು ಮಾಂಗಾ ಸಿನಿಮಾಗಳ ಬಗ್ಗೆ ನಿಮ್ಮ ಅಭಿಪ್ರಾಯ?

ಹಾಳೆ ತಿರುವುವವ

ನಿನ್ನೆ ರಾತ್ರಿ ‘ಹೌಸು’ ಮತ್ತೆ ನೋಡಿದೆ. ಎಷ್ಟನೇ ಸಲ ಅಂತ ಲೆಕ್ಕ ಇಟ್ಟಿಲ್ಲ. 1977ರಲ್ಲಿ ಬಂದ ಜಪಾನಿ ಸಿನಿಮಾ, ನಿರ್ದೇಶಕ ನೊಬುಹಿಕೊ ಓಬಾಯಾಶಿ. ನೋಡದವರಿಗೆ ಕಥೆ ಇಷ್ಟು: ಬೇಸಿಗೆ ರಜೆಯಲ್ಲಿ ಏಳು ಹುಡುಗಿಯರು ತಮ್ಮಲ್ಲೊಬ್ಬಳ ದೊಡ್ಡಮ್ಮನ ಊರಿಗೆ ಹೋಗುತ್ತಾರೆ. ದೊಡ್ಡಮ್ಮನ ಹಳೇ ಮನೆ ಅವರನ್ನು ಒಬ್ಬೊಬ್ಬರಾಗಿ ತಿಂದುಹಾಕುತ್ತದೆ.

ನನ್ನ ತಲೆಯಲ್ಲಿ ಕೂತಿರುವುದು ಪಿಯಾನೊ ದೃಶ್ಯ. ಮೆಲೊಡಿ ಅನ್ನುವ ಹುಡುಗಿ ಪಿಯಾನೊ ಬಾರಿಸುತ್ತಿರುತ್ತಾಳೆ. ಕೀಗಳು ಅವಳ ಬೆರಳನ್ನು ಕಚ್ಚುತ್ತವೆ. ಅವಳು ಕೈ ಎತ್ತಿ ನೋಡಿಕೊಳ್ಳುತ್ತಾಳೆ, ಬೆರಳುಗಳಿಲ್ಲ. ಆ ಮೊದಲ ಕ್ಷಣದಲ್ಲಿ ಅವಳ ಮುಖದಲ್ಲಿ ಇರುವುದು ನೋವಲ್ಲ, ಬೆರಗು. ಆಮೇಲೆ ಪಿಯಾನೊ ಅವಳನ್ನೇ ಒಳಗೆ ಎಳೆದುಕೊಳ್ಳುತ್ತದೆ. ತುಂಡಾದ ಬೆರಳುಗಳು ತಮ್ಮಷ್ಟಕ್ಕೆ ತಾವೇ ಬಾರಿಸುತ್ತವೆ. ಒಂದು ಕಡೆ ಅಸ್ಥಿಪಂಜರ ಕುಣಿಯುತ್ತಿರುತ್ತದೆ.

ಇದೆಲ್ಲ ಟ್ರಿಕ್ ಅಂತ ಯಾರಿಗೆ ಬೇಕಾದರೂ ಗೊತ್ತಾಗುತ್ತದೆ. ಕತ್ತರಿಸಿ ಅಂಟಿಸಿದ ಅಂಚು ಕಾಣಿಸುತ್ತದೆ. ಹಿಂದಿನ ಆಕಾಶ ಬಣ್ಣ ಬಳಿದ ಪರದೆ. ಓಬಾಯಾಶಿ ಅದನ್ನು ಮುಚ್ಚಿಡುವುದೂ ಇಲ್ಲ. ಸಿನಿಮಾಕ್ಕೆ ಬರುವ ಮೊದಲು ಅವರು ಟಿವಿ ಜಾಹೀರಾತು ಮಾಡುತ್ತಿದ್ದವರು. ಹಾಲಿವುಡ್‌ನ ಚಾರ್ಲ್ಸ್ ಬ್ರಾನ್ಸನ್‌ನನ್ನು ಹಾಕಿಕೊಂಡು ಗಂಡಸರ ಪ್ರಸಾಧನ ‘ಮ್ಯಾಂಡಮ್’ ಜಾಹೀರಾತು ಮಾಡಿದ್ದು ಅವರೇ. ಅರ್ಧ ನಿಮಿಷದಲ್ಲಿ ನೋಡುವವರ ಕಣ್ಣು ಸೆಳೆಯುವುದು ಹೇಗೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಿನ್ನೆ ನೋಡುವಾಗ ನನಗೆ ಹೊಳೆದದ್ದು ಒಂದೇ ವಿಷಯ. ಈ ಸಿನಿಮಾ ಯಾವ ಮಾಂಗಾದಿಂದಲೂ, ಅಂದರೆ ಜಪಾನಿ ಕಾಮಿಕ್ಸ್‌ನಿಂದಲೂ, ಬಂದದ್ದಲ್ಲ. ಆದರೂ ನಾನು ನೋಡಿದ ಎಲ್ಲ ಮಾಂಗಾ ಸಿನಿಮಾಗಳಿಗಿಂತ ಇದೇ ಮಾಂಗಾಕ್ಕೆ ಹತ್ತಿರ. ಯಾಕೆಂದರೆ ಮಾಂಗಾ ತಾನು ಕಾಗದ ಅನ್ನುವುದನ್ನು ಯಾವತ್ತೂ ಮುಚ್ಚಿಡುವುದಿಲ್ಲ. ಮುಖಕ್ಕಿಂತ ದೊಡ್ಡ ಬೆವರಹನಿ ಬರೆಯುತ್ತಾರೆ. ಸದ್ದನ್ನು ಅಕ್ಷರದಲ್ಲಿ ಬರೆದು ಚಿತ್ರದ ಮೇಲೇ ಹಾಕುತ್ತಾರೆ. ಓದುವವರು ಒಪ್ಪಿಕೊಳ್ಳುತ್ತಾರೆ, ಮುಂದೆ ಹೋಗುತ್ತಾರೆ. ಲೈವ್ ಆ್ಯಕ್ಷನ್, ಅಂದರೆ ನಿಜವಾದ ನಟರನ್ನು ಹಾಕಿ ಮಾಂಗಾವನ್ನು ಸಿನಿಮಾ ಮಾಡುವವರು ಮಾತ್ರ ಕಾಗದಕ್ಕೆ ನಾಚಿಕೊಳ್ಳುತ್ತಾರೆ. ಬಟ್ಟೆಗೆ ನಿಜವಾದ ಚರ್ಮ, ಕತ್ತಿಗೆ ನಿಜವಾದ ಕಬ್ಬಿಣ, ಊರಿಗೆ ನಿಜವಾದ ಧೂಳು. ಆದರೆ ತಲೆ ಮೇಲೆ ಮಾತ್ರ ಅದೇ ಮಾಂಗಾದ ಕೂದಲು. ಅರ್ಧ ನಿಜ, ಅರ್ಧ ಚಿತ್ರ. ನನಗೆ ಅಲ್ಲೇ ಸಿನಿಮಾ ಒಡೆದು ಹೋಗುತ್ತದೆ.

ನಿಮಗೆ ಹೇಗೆ ಅನಿಸುತ್ತದೆ? ಯಾವುದು ಇಷ್ಟ, ಯಾವುದು ಆಗಲಿಲ್ಲ, ಬಿಚ್ಚಿ ಬರೆಯಿರಿ.

ಕಡಲತಡಿ

‘ಹೌಸು’ ನನಗೂ ಇಷ್ಟ. ಆದರೆ ಅಣ್ಣ, ಅದನ್ನು ನೋಡಿ ಒಂದು ದಿನವೂ ಹೆದರಿಲ್ಲ, ನನಗೆ ಅದು ತಮಾಷೆ. ನನಗೆ ಹಾರರ್ ಅಂದರೆ ಹೆದರಿಕೆ ಆಗಬೇಕು. ಆ ಲೆಕ್ಕದಲ್ಲಿ ನನ್ನ ಮಟ್ಟಿಗೆ ಜಪಾನಿ ಹಾರರ್ ಅಂದರೆ ಕಿಯೋಶಿ ಕುರೊಸಾವಾ. ಅಕಿರಾ ಕುರೊಸಾವಾಗೂ ಇವರಿಗೂ ನಂಟಿಲ್ಲ, ಹೆಸರು ಮಾತ್ರ ಒಂದೇ.

1997ರ ‘ಕ್ಯೂರ್’ ನೋಡಿ. ನೆನಪು ಕಳೆದುಕೊಂಡ ಹುಡುಗನೊಬ್ಬ ಸಿಕ್ಕವರನ್ನೆಲ್ಲ ನೀನು ಯಾರು ಅಂತ ಕೇಳುತ್ತಾನೆ. ಅಷ್ಟೇ ಕೇಳುವುದು. ಲೈಟರ್ ಹಚ್ಚುತ್ತಾನೆ, ನೀರು ಹರಿಯುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಆ ಒಳ್ಳೆಯ ಮನುಷ್ಯ ಕೊಲೆ ಮಾಡಿರುತ್ತಾನೆ. ಕ್ಯಾಮೆರಾ ದೂರದಲ್ಲೇ ನಿಂತಿರುತ್ತದೆ, ಹತ್ತಿರ ಬರುವುದಿಲ್ಲ. ಹಿನ್ನೆಲೆ ಸಂಗೀತ ಬಂದು ‘ಈಗ ಹೆದರು’ ಅಂತ ಹೇಳುವುದಿಲ್ಲ. ನಾನು ನೋಡಿದ್ದು ಮಂಗಳೂರಿನಲ್ಲಿ, ಹಾಸ್ಟೆಲ್ ರೂಮಿನಲ್ಲಿ, ಹಗಲು ಹೊತ್ತಿನಲ್ಲಿ. ಮುಗಿದ ಮೇಲೆ ನಲ್ಲಿಯಿಂದ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು. ಎದ್ದು ಹೋಗಿ ಬಿಗಿ ಮಾಡಿ ಬಂದೆ. ಆಮೇಲೂ ಕೇಳಿಸುತ್ತಲೇ ಇತ್ತು.

ಅವರದ್ದೇ 2001ರ ‘ಕೈರೊ’ದಲ್ಲಿ ದೆವ್ವ ನಡೆದು ಬರುವ ದೃಶ್ಯ ಇದೆ. ನಿಧಾನಕ್ಕೆ ಬರುತ್ತಾ ಒಮ್ಮೆ ಮುಗ್ಗರಿಸುತ್ತದೆ. ಬೀಳುವುದಿಲ್ಲ, ವಾಲಿಕೊಂಡು ಮತ್ತೆ ನೆಟ್ಟಗಾಗಿ ಬರುತ್ತದೆ. ದೆವ್ವ ಮುಗ್ಗರಿಸಿದ್ದನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

‘ರಿಂಗು’ ಕೂಡ ಹಾಗೇ. ಅದರ ದೆವ್ವ ಸದಾಕೊ ಟಿವಿಯಿಂದ ಹೊರಗೆ ಬರುವ ನಡಿಗೆ ನೆನಪಿದೆಯಲ್ವಾ? ಆ ನಟಿ ಹಿಂದಕ್ಕೆ ಹಿಂದಕ್ಕೆ ನಡೆದರು, ನಿರ್ದೇಶಕ ಹಿದೆಯೊ ನಕಾತಾ ಆ ಫಿಲ್ಮನ್ನು ಉಲ್ಟಾ ಓಡಿಸಿದರು. ಅದಕ್ಕೇ ಆ ಮೈಯಲ್ಲಿ ಏನೋ ತಪ್ಪಿದೆ ಅನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಇದೂ ಟ್ರಿಕ್ಕೇ. ಆದರೆ ಕಾಣಿಸದ ಟ್ರಿಕ್ಕು. ನನ್ನ ಓಟು ಅದಕ್ಕೆ.

ಎಡಿಟಿಂಗ್ ಟೇಬಲ್

ನಾನು ಹೊಟ್ಟೆಪಾಡಿಗೆ ಧಾರಾವಾಹಿ ಎಡಿಟ್ ಮಾಡುವವನು. ಆ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ.

ಜುಂಜಿ ಇಟೊ ಅವರ ಮಾಂಗಾ ಓದಿದವರಿಗೆ ಗೊತ್ತಿರುತ್ತದೆ. ಅವರು ಮೊದಲು ದಂತ ಪ್ರಯೋಗಾಲಯದಲ್ಲಿ ಕೃತಕ ಹಲ್ಲು ಮಾಡುವ ಕೆಲಸದಲ್ಲಿದ್ದವರು. ಆ ಸೂಕ್ಷ್ಮ ಕೈಕೆಲಸ ಅವರ ಗೆರೆಗಳಲ್ಲೂ ಇದೆ ಅಂತ ನನಗೆ ಅನಿಸುತ್ತದೆ. ಆದರೆ ಅವರ ಹೆದರಿಕೆ ಬರೀ ಚಿತ್ರದಲ್ಲಿಲ್ಲ, ಹಾಳೆ ತಿರುವುವ ಜಾಗದಲ್ಲಿದೆ. ಜಪಾನಿ ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು. ಎಡಪುಟದ ಕೊನೆಯ ಚೌಕದಲ್ಲಿ ಯಾರೋ ಬಾಗಿಲಿಗೆ ಕೈ ಇಡುತ್ತಾರೆ, ಇಲ್ಲವೇ ಏನನ್ನೋ ನೋಡಿ ಕಣ್ಣು ದೊಡ್ಡದು ಮಾಡುತ್ತಾರೆ. ನೋಡಿದ್ದು ಏನು ಅಂತ ತಿಳಿಯಬೇಕಾದರೆ ಹಾಳೆಯನ್ನು ನೀವೇ ತಿರುವಬೇಕು. ತಿರುವಿದ ಕೂಡಲೇ ಪುಟದ ತುಂಬ ಅದು. ಅಂದರೆ ಬಾಗಿಲು ತೆಗೆದವರು ನೀವು. ಬೇಡ ಅಂದಿದ್ದರೆ ಪುಸ್ತಕ ಮುಚ್ಚಿಡಬಹುದಿತ್ತು. ಮುಚ್ಚಲಿಲ್ಲ.

ಸಿನಿಮಾದಲ್ಲಿ ಹಾಳೆ ತಿರುವುವುದು ನಾನು, ಎಡಿಟರ್. ನೋಡುವವರ ಕೈಯಲ್ಲಿ ಏನೂ ಇಲ್ಲ. ಕಟ್ ಎಷ್ಟು ಬೇಗ ಮಾಡಿದರೂ, ಎಷ್ಟು ತಡ ಮಾಡಿದರೂ, ಬಾಗಿಲು ತೆಗೆದದ್ದು ನಾನೇ ಅನ್ನುವ ಆ ತಪ್ಪಿನ ಭಾವ ಹುಟ್ಟಿಸಲು ಆಗುವುದಿಲ್ಲ. ಮಾಂಗಾ ಹಾರರ್ ತೆರೆಗೆ ಬಂದಾಗ ಸಪ್ಪೆ ಆಗುವುದು ಇದಕ್ಕೇ ಅಂತ ನನ್ನ ನಂಬಿಕೆ. ವಿಗ್ ಆಮೇಲಿನ ಮಾತು.

ಇಟೊ ಅವರ ‘ಉಜುಮಾಕಿ’ ಮಾಂಗಾ ತೆಗೆದುಕೊಳ್ಳಿ. ಒಂದು ಊರಿಗೆ ಸುಳಿಯ ಶಾಪ ತಗಲುತ್ತದೆ. ಹುಡುಗನ ಅಪ್ಪ ಸುಳಿಯ ಹುಚ್ಚು ಹಿಡಿಸಿಕೊಂಡು, ದುಂಡಗಿನ ಮರದ ತೊಟ್ಟಿಯೊಳಗೆ ಮೈಯನ್ನು ಸುರುಳಿ ಸುತ್ತಿಕೊಂಡು ಸಾಯುತ್ತಾನೆ. ಮಾಂಗಾದಲ್ಲಿ ಆ ಪುಟ ಕಂಡಾಗ ಕೈಯಿಂದ ಪುಸ್ತಕ ಕೆಳಗಿಟ್ಟಿದ್ದೆ. 2000ದಲ್ಲಿ ಹಿಗುಚಿನ್‌ಸ್ಕಿ ಅದನ್ನು ಸಿನಿಮಾ ಮಾಡಿದರು. ಅದರಲ್ಲಿ ಅಪ್ಪ ವಾಷಿಂಗ್ ಮೆಷಿನ್ನಿಗೆ ಇಳಿಯುತ್ತಾನೆ. ಅದನ್ನು ಬೈಯುವವರು ಇದ್ದಾರೆ. ನನಗೆ ಅದು ಬುದ್ಧಿವಂತ ಬದಲಾವಣೆ ಅನಿಸಿತು. ತೊಟ್ಟಿ ಸುಮ್ಮನೆ ಇರುತ್ತದೆ, ಚಿತ್ರಕ್ಕೆ ಅದು ಸಾಕು. ಸಿನಿಮಾಕ್ಕೆ ತಿರುಗುವ ವಸ್ತು ಬೇಕು, ಸದ್ದು ಬೇಕು. ವಾಷಿಂಗ್ ಮೆಷಿನ್ ಎರಡನ್ನೂ ಕೊಡುತ್ತದೆ. ಚಿತ್ರೀಕರಣದ ಹೊತ್ತಿಗೆ ಮಾಂಗಾ ಇನ್ನೂ ಮುಗಿದಿರಲಿಲ್ಲ, ಹಾಗಾಗಿ ಸಿನಿಮಾದ ಕೊನೆ ಬೇರೆ, ಸ್ವಲ್ಪ ಅವಸರದ್ದು. ಆದರೂ ಆ ಹಸಿರು ಬಣ್ಣ, ಮೂಲೆಮೂಲೆಯಲ್ಲಿ ಅಡಗಿಸಿದ ಸುಳಿಗಳು, ಇವು ಸುಮ್ನೆ ಬಂದವಲ್ಲ.

2024ರಲ್ಲಿ ಅದರದ್ದೇ ನಾಲ್ಕು ಕಂತಿನ ಕಪ್ಪು ಬಿಳುಪು ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ, ಬಂತು. ಇಟೊ ಅವರ ಗೆರೆಯನ್ನು ಹಾಗೇ ಓಡಾಡಿಸುವ ಪ್ರಯತ್ನ. ಮೊದಲ ಕಂತು ನೋಡಿ ಕುಣಿದಾಡಿದೆ. ಉಳಿದ ಮೂರರಲ್ಲಿ ಆ ಗೆರೆ ಸೋತಿತ್ತು. ಕಥೆಯನ್ನು ಎಷ್ಟು ಅವಸರದಲ್ಲಿ ತುರುಕಿದ್ದರು ಅಂದರೆ ಒಂದು ಸಾವಿಗೂ ಉಸಿರು ಬಿಡಲು ಜಾಗ ಇರಲಿಲ್ಲ.

ಕತ್ತಿವರಸೆ

ಎಲ್ಲರೂ ಹಾರರ್ ಕಡೆ ಹೋಗುತ್ತಿದ್ದೀರಿ. ವಿಗ್ ಬಗ್ಗೆ ಬೈದದ್ದಕ್ಕೆ ನಾನು ಬಂದೆ.

‘ರುರೊನಿ ಕೆನ್ಶಿನ್’ ನೋಡಿದ್ದೀರಾ ಸರ್? 2012ರಿಂದ 2021ರವರೆಗೆ ಐದು ಸಿನಿಮಾ. ಹೀರೋ ತಕೆರು ಸಾತೊ, ನಿರ್ದೇಶಕ ಕೇಶಿ ಓಟೊಮೊ. ಅದರಲ್ಲೂ ಕೆಂಪು ಕೂದಲಿದೆ, ಕೆನ್ನೆ ಮೇಲೆ ಅಡ್ಡಗಾಯ ಇದೆ. ಹತ್ತು ನಿಮಿಷದಲ್ಲಿ ಅದೆಲ್ಲ ಮರೆತುಹೋಗುತ್ತದೆ. ಯಾಕೆ ಗೊತ್ತಾ? ಹೊಡೆದಾಟ ಹೇಳಿಕೊಟ್ಟದ್ದು ಕೆಂಜಿ ತನಿಗಾಕಿ, ಹಾಂಕಾಂಗ್‌ನಲ್ಲಿ ಡಾನಿ ಯೆನ್ ಜೊತೆ ಕೆಲಸ ಮಾಡಿ ಪಳಗಿದವರು.

ಕೆನ್ಶಿನ್ ಕತ್ತಿ ಉಲ್ಟಾ ಕತ್ತಿ, ಅಂಚು ತನ್ನ ಕಡೆಗೇ ಇರುತ್ತದೆ, ಎದುರಾಳಿಗೆ ತಗಲುವುದು ಮೊಂಡು ಬದಿ. ಅವನು ಇನ್ನು ಯಾರನ್ನೂ ಕೊಲ್ಲುವುದಿಲ್ಲ ಅಂತ ಮಾತು ಕೊಟ್ಟವನು. ಮಾಂಗಾದಲ್ಲಿ ಪ್ರತಿ ಏಟಿಗೂ ಒಂದು ದೊಡ್ಡ ಹೆಸರು, ಪುಟದ ತುಂಬ ಗೆರೆಗಳು. ಸಿನಿಮಾದಲ್ಲಿ ಹೆಸರು ಕೂಗುವುದನ್ನು ಬಹುಪಾಲು ಬಿಟ್ಟು, ಆ ಗೆರೆಗಳನ್ನು ಕಾಲಿಗೆ ಇಳಿಸಿದ್ದಾರೆ. ಅವನು ನೆಲಕ್ಕೆ ಬಾಗಿ ಓಡುತ್ತಾನೆ, ಜಾರುತ್ತಾನೆ, ತಿರುಗಿ ಹೊಡೆಯುತ್ತಾನೆ. ಮೊದಲ ಸಿನಿಮಾದಲ್ಲಿ ಡೋಜೊಗೆ, ಅಂದರೆ ಕತ್ತಿವರಸೆಯ ಗರಡಿಗೆ, ನುಗ್ಗಿದ ಪುಂಡರನ್ನೆಲ್ಲ ಒಬ್ಬನೇ ಮಲಗಿಸುವ ದೃಶ್ಯ ಇದೆಯಲ್ಲ, ಅದನ್ನು ನಮ್ಮ ಹುಬ್ಬಳ್ಳಿ ಮನೆಯಲ್ಲಿ ಅಪ್ಪನಿಗೆ ತೋರಿಸಿದೆ. ಅಪ್ಪನಿಗೆ ಮಾಂಗಾ ಅಂದರೆ ಏನು ಅಂತಲೇ ಗೊತ್ತಿಲ್ಲ. ‘ಹುಡುಗನ ಕಾಲು ನೋಡು, ಕತ್ತಿ ನೋಡಬೇಡ’ ಅಂದರು. ಚಿಕ್ಕವರಿದ್ದಾಗ ಗರಡಿಗೆ ಹೋಗುತ್ತಿದ್ದವರು ಅವರು.

ಹಾಗಾಗಿ ವಿಗ್ ತಪ್ಪಲ್ಲ. ವಿಗ್ ಕೆಳಗಿರುವ ಮನುಷ್ಯ ಕೆಲಸ ಮಾಡಿಲ್ಲ ಅಂದರೆ ತಪ್ಪು.

ಹಾಳೆ ತಿರುವುವವ

ಕತ್ತಿವರಸೆ, ನಿಮ್ಮ ಅಪ್ಪನ ಮಾತು ಚಿನ್ನದಂಥದ್ದು. ‘ಕೆನ್ಶಿನ್’ ವಿಷಯದಲ್ಲಿ ಒಪ್ಪಿದೆ. ಕತ್ತಿ ಕಾಳಗ ಮೊದಲೇ ಮೈಯ ಕಲೆ, ಮಾಂಗಾ ಅದನ್ನು ಮೈಯಿಂದಲೇ ಸಾಲ ತಂದದ್ದು. ಸಿನಿಮಾ ವಾಪಸ್ ಕೊಟ್ಟಿದೆ. ಹಾರರ್ ಮಾಂಗಾ ಹುಟ್ಟುವುದು ಗೆರೆಯಲ್ಲಿ. ಆ ಗೆರೆಗೆ ಮೈ ಹುಡುಕುವುದು ಕಷ್ಟ.

ಕಡಲತಡಿ, ‘ಕ್ಯೂರ್’ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ‘ಹೌಸು’ ಬರೀ ತಮಾಷೆ ಅಂತ ಬಿಟ್ಟುಬಿಡಬೇಡಿ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ಈಗ ನನ್ನ ವಾದಕ್ಕೇ ಪೆಟ್ಟು ಕೊಡುವ ವಿಷಯ ಹೇಳಬೇಕು. ಓಬಾಯಾಶಿ ನಿಜವಾದ ಮಾಂಗಾ ಸಿನಿಮಾಗಳನ್ನೂ ಮಾಡಿದ್ದಾರೆ. ‘ಹೌಸು’ ಬಂದ ವರ್ಷವೇ, 1977ರಲ್ಲೇ, ಒಸಾಮು ತೆಜುಕಾ ಅವರ ‘ಬ್ಲ್ಯಾಕ್ ಜ್ಯಾಕ್’ ಅನ್ನುವ ಡಾಕ್ಟರನ ಮಾಂಗಾದಿಂದ ಒಂದು ಕಥೆ ತೆಗೆದುಕೊಂಡು ಮಾಡಿದರು. ಕಣ್ಣಿಗೆ ಪೆಟ್ಟಾದ ಹುಡುಗಿಗೆ ಬೇರೊಬ್ಬರ ಕಾರ್ನಿಯಾ ಹಾಕುತ್ತಾರೆ. ಆಮೇಲೆ ಅವಳಿಗೆ ಯಾರೋ ಒಬ್ಬ ಗಂಡಸು ಕಾಣತೊಡಗುತ್ತಾನೆ. ಎಂಥ ಕಥೆ ಅಲ್ವಾ! ಡಾಕ್ಟರ್ ಪಾತ್ರದಲ್ಲಿ ಜೋ ಶಿಶಿದೊ, ಮಾಂಗಾದಲ್ಲಿ ಇದ್ದಂತೆಯೇ ಅರ್ಧ ಮುಖಕ್ಕೆ ಬೇರೆ ಬಣ್ಣ. ಕಾಗದಕ್ಕೆ ನಾಚಿಕೊಳ್ಳದ ನಿರ್ದೇಶಕ, ಕಾಗದದಂಥದ್ದೇ ಮುಖ. ಆದರೂ ‘ಹೌಸು’ ತರಹ ಎದೆಗೆ ತಗಲಲಿಲ್ಲ.

1987ರಲ್ಲಿ ಇನ್ನೊಂದು. ಕಜುವೊ ಉಮೆಜು ಅವರ ‘ತೇಲುವ ತರಗತಿ’. ಇಡೀ ಶಾಲೆಯೇ ಮಕ್ಕಳ ಸಮೇತ ಭವಿಷ್ಯದ ಮರುಭೂಮಿಗೆ ಹೋಗಿ ಬೀಳುವ ಕಥೆ. 1972ರಿಂದ 74ರವರೆಗೆ ಬಂದ ಆ ಮಾಂಗಾದಲ್ಲಿ ಪುಟಪುಟಕ್ಕೂ ಮಕ್ಕಳು ಬಾಯಿ ಬಿಟ್ಟು ಕಿರುಚುತ್ತಾರೆ. ಆ ಬಾಯಿಗಳ ಒಳಗಿನ ಕಪ್ಪು ಶಾಯಿ ಇದೆಯಲ್ಲ, ಅದೇ ಇಡೀ ಪುಸ್ತಕ ಅನಿಸುತ್ತದೆ. ಓಬಾಯಾಶಿ ಕಥೆಯನ್ನು ಕೋಬೆಯ ಇಂಟರ್‌ನ್ಯಾಷನಲ್ ಶಾಲೆಗೆ ತಂದರು, ಮಕ್ಕಳ ಬಾಯಲ್ಲಿ ಇಂಗ್ಲಿಷ್ ತುಂಬಿದರು. ಕಿರುಚಾಟ ಕೇಳಿಸುತ್ತದೆ, ಆ ಕಪ್ಪು ಕಾಣಿಸುವುದಿಲ್ಲ. ನನಗೆ ತುಂಬ ಬೇಜಾರಾಯಿತು. ಇಬ್ಬರೂ ನನ್ನ ಪ್ರೀತಿಯವರು. ಉಮೆಜು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, ಕೆಂಪು ಬಿಳಿ ಪಟ್ಟೆಯ ಅಂಗಿಯ ಅಜ್ಜ.

ಹಾಗಾದರೆ ಒಬ್ಬನೇ ಮನುಷ್ಯ, ಅದೇ ಕೈ, ಅದೇ ಧೈರ್ಯ. ಒಂದು ಗೆದ್ದು ಇನ್ನೆರಡು ಯಾಕೆ ಸೋತವು? ನನ್ನ ಊಹೆ ಇಷ್ಟು: ‘ಹೌಸು’ಗೆ ಮೊದಲೇ ಬರೆದಿಟ್ಟ ಚಿತ್ರ ಇರಲಿಲ್ಲ. ಅವರು ಮನಸ್ಸಿನಲ್ಲಿ ಕಂಡದ್ದನ್ನು ತಾವೇ ಮೊದಲ ಸಲ ಚಿತ್ರವಾಗಿಸಿದರು.

ಕಪ್ಪು ಮಸಿ

ಈ ಚರ್ಚೆಯಲ್ಲಿ ‘ತೊಮಿಯೆ’ ಹೆಸರು ಇನ್ನೂ ಬಂದಿಲ್ಲ. ಬರಲೇಬೇಕು, ನಾನೇ ತರುತ್ತೇನೆ.

ಜುಂಜಿ ಇಟೊ ಅವರ ಮೊದಲ ಕಥೆ ಅದು, 1987ರದ್ದು. ಹುಡುಗಿಯರಿಗಾಗಿಯೇ ಬರುತ್ತಿದ್ದ ಹಾರರ್ ಪತ್ರಿಕೆಯಲ್ಲಿ ಬಂತು. ಎಡಗಣ್ಣಿನ ಕೆಳಗೆ ಮಚ್ಚೆ ಇರುವ ಹುಡುಗಿ. ನೋಡಿದ ಗಂಡಸರೆಲ್ಲ ಮರುಳಾಗುತ್ತಾರೆ, ಆಮೇಲೆ ಅವಳನ್ನು ಕೊಲ್ಲುತ್ತಾರೆ. ಅವಳು ಮತ್ತೆ ಹುಟ್ಟುತ್ತಾಳೆ. ತುಂಡು ತುಂಡಾಗಿ ಕತ್ತರಿಸಿದರೆ ತುಂಡಿಗೊಬ್ಬಳಂತೆ ಹುಟ್ಟುತ್ತಾಳೆ. ನಾನು ಓದಿದ್ದು ಡಿಗ್ರಿ ಓದುವಾಗ. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಯಲ್ಲಿ ನಿಂತುಕೊಂಡೇ ಅರ್ಧ ಓದಿ, ಉಳಿದದ್ದಕ್ಕೆ ದುಡ್ಡು ಕೂಡಿಸಿಕೊಂಡು ಹೋಗಿ ತಂದೆ. ಕೆಲವು ಗೆಳೆಯರು ಅವಳನ್ನು ಕೆಟ್ಟ ಹೆಣ್ಣಿನ ಕಥೆ ಅಂತ ಓದುತ್ತಾರೆ. ನಾನು ಹಾಗೆ ಓದಲೇ ಇಲ್ಲ. ಪ್ರತಿ ಕಥೆಯಲ್ಲೂ ಕೊಲ್ಲುವವರು ಯಾರು? ಮೇಷ್ಟ್ರು, ಸಹಪಾಠಿಗಳು, ಪ್ರೀತಿಸುತ್ತೇನೆ ಅಂದವರು. ಅವಳನ್ನು ಕತ್ತರಿಸುವಾಗ ಇಡೀ ತರಗತಿ ಜೊತೆಗಿರುತ್ತದೆ. ಆಮೇಲೆ ಅವಳು ಏನೂ ಆಗಿಲ್ಲ ಅನ್ನುವಂತೆ ಕ್ಲಾಸಿಗೆ ಬಂದು ಬೆಂಚಿನ ಮೇಲೆ ಕೂರುತ್ತಾಳೆ. ನನಗೆ ಆ ಪುಟ ಓದಿದಾಗ ಹೆದರಿಕೆ ಆಯಿತು, ಅದರ ಜೊತೆಗೇ ಒಂದು ಗೆಲುವೂ ಆಯಿತು. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಇಂಥವಳನ್ನು ಸಿನಿಮಾದಲ್ಲಿ ತೋರಿಸುವುದು ಹೇಗೆ? ನೋಡಿದವರೆಲ್ಲ ಮರುಳಾಗುವ ಮುಖ ಯಾವ ನಟಿಗೆ ಇರುತ್ತದೆ? ಕಾಗದದ ಮೇಲೆ ಸರಿ, ಅಲ್ಲಿ ಮುಖ ಅಂದರೆ ನಾಲ್ಕು ಗೆರೆ, ಮಿಕ್ಕಿದ್ದು ಓದುವವರದ್ದು. 1999ರ ಮೊದಲ ಸಿನಿಮಾದಲ್ಲಿ ನಿರ್ದೇಶಕ ಅತಾರು ಓಯಿಕಾವಾ ಇದಕ್ಕೆ ಒಂದು ಉಪಾಯ ಮಾಡಿದ್ದಾರೆ. ಮಿಹೊ ಕನ್ನೊ ಅವರ ಮುಖವನ್ನು ಬಹಳ ಹೊತ್ತು ತೋರಿಸುವುದೇ ಇಲ್ಲ. ಬೆನ್ನು, ಕೂದಲು, ದನಿ, ಅಷ್ಟೇ. ಕೊನೆಗೆ ತೋರಿಸುವ ಹೊತ್ತಿಗೆ ನಾವೇ ಒಳಗೊಳಗೆ ಒಂದು ಮುಖ ಬರೆದುಕೊಂಡಿರುತ್ತೇವೆ.

ಆಮೇಲೆ ಸಾಲು ಸಾಲಾಗಿ ‘ತೊಮಿಯೆ’ ಸಿನಿಮಾ ಬಂದವು. ಮುಖ ಮೊದಲೇ ತೋರಿಸಿದರು. ನನಗೆ ಅವು ರುಚಿಸಲಿಲ್ಲ.

ಎಡಿಟಿಂಗ್ ಟೇಬಲ್

ಕಪ್ಪು ಮಸಿ ಮೇಡಂ, ನೀವು ಬರೆದದ್ದು ಓದಿ ಕೆಲಸ ಬಿಟ್ಟು ಕೂತೆ. ನಾನು ಮೇಲೆ ಬರೆದದ್ದರಲ್ಲಿ ಒಂದು ತಪ್ಪಿದೆ, ಈಗ ಗೊತ್ತಾಯಿತು. ನೋಡುವವರ ಕೈಯಲ್ಲಿ ಏನೂ ಇಲ್ಲ ಅಂದಿದ್ದೆ. ಮುಖ ತೋರಿಸದೇ ಇದ್ದರೆ ನೋಡುವವರು ಹಾಳೆಯನ್ನು ತಲೆಯೊಳಗೇ ತಿರುವುತ್ತಾರೆ. ಸದಾಕೊ ಮುಖದ ಮೇಲೆ ಕೂದಲು ಬಿಟ್ಟದ್ದೂ ಅದಕ್ಕೇ.

ಮೇಲೆ ಇಟೊ ಅವರ ಕೈಕೆಲಸ ಅಂದಿದ್ದೆನಲ್ಲ, ಅದರಿಂದ ಇನ್ನೊಂದು ಸಿನಿಮಾ ನೆನಪಾಯಿತು. ಶಿನ್ಯಾ ತ್ಸುಕಮೊಟೊ ಅವರ ‘ತೆತ್ಸುವೊ’, 1989. ಒಬ್ಬ ಗುಮಾಸ್ತನ ಮೈಯಲ್ಲಿ ಕಬ್ಬಿಣ ಬೆಳೆಯುವ ಕಥೆ. ಕಪ್ಪು ಬಿಳುಪು, 16 ಎಂಎಂ ಫಿಲ್ಮ್, ಬರೀ 67 ನಿಮಿಷ. ಬರೆದು, ನಿರ್ದೇಶಿಸಿ, ನಟಿಸಿ, ಎಡಿಟ್ ಮಾಡಿದ್ದೂ ಅವರೇ. ಮೈಗೆ ಅಂಟಿಸಿದ್ದು ಗುಜರಿಯ ವೈರು, ಪೈಪು. ಬೀದಿಯಲ್ಲಿ ಹಾರಿ ಹೋಗುವ ದೃಶ್ಯಗಳನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನಿಲ್ಲಿಸಿ ತೆಗೆದಿದ್ದಾರೆ. ಇದೂ ಮಾಂಗಾದಿಂದ ಬಂದದ್ದಲ್ಲ. ಆದರೆ ಯಾವ ಚೌಕ ನಿಲ್ಲಿಸಿದರೂ ಮಸಿಯಲ್ಲಿ ಬರೆದ ಪುಟದ ಹಾಗೆ ಕಾಣುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಫ್ರೇಮ್ ಫ್ರೇಮ್ ಓಡಿಸಿ ನೋಡಿ ಕಲಿತಿದ್ದೇನೆ.

ಕಡಲತಡಿ

‘ಓಲ್ಡ್‌ಬಾಯ್’ ಬಗ್ಗೆ ಯಾರಾದರೂ ಹೇಳುತ್ತಾರೆ ಅಂತ ಕಾದೆ. ಅದು ಕೊರಿಯಾದ ಸಿನಿಮಾ ಅಂತಲೇ ಎಲ್ಲರಿಗೂ ಗೊತ್ತು. ಮೂಲ ಜಪಾನಿ ಮಾಂಗಾ, ಗಾರೊನ್ ತ್ಸುಚಿಯಾ ಬರೆದದ್ದು, ನೊಬುವಾಕಿ ಮಿನೆಗಿಶಿ ಚಿತ್ರ. ಮಾಂಗಾದಲ್ಲಿ ಹೀರೋನನ್ನು ಕೂಡಿಹಾಕುವುದು 10 ವರ್ಷ, ಕೊರಿಯಾದ ನಿರ್ದೇಶಕ ಪಾರ್ಕ್ ಚಾನ್ ವೂಕ್ 2003ರಲ್ಲಿ ಅದನ್ನು 15 ಮಾಡಿದರು. ಕೂಡಿಹಾಕಿದ ಕಾರಣವನ್ನೇ ಬದಲಾಯಿಸಿದರು. ಕಾರಣ ಏನು ಅಂತ ಇಲ್ಲಿ ಬರೆಯುವುದಿಲ್ಲ, ನೋಡದವರು ಇದ್ದಾರೆ. ಸುತ್ತಿಗೆ ಹಿಡಿದು ಹೊಡೆದಾಡುವ ಕಾರಿಡಾರ್ ದೃಶ್ಯ ಒಂದೇ ಶಾಟ್‌ನಲ್ಲಿದೆ, ಕ್ಯಾಮೆರಾ ಪಕ್ಕದಿಂದ ಜರುಗುತ್ತಾ ಹೋಗುತ್ತದೆ. ಉದ್ದುದ್ದ ಒಂದೇ ಚೌಕ ಬಿಡಿಸಿಟ್ಟ ಹಾಗೆ. ನಡುವೆ ಅವನಿಗೆ ಸುಸ್ತಾಗುತ್ತದೆ, ಹೊಡೆಯುವವರಿಗೂ ಸುಸ್ತಾಗುತ್ತದೆ. ಎಲ್ಲರೂ ನಿಂತು ಏದುಸಿರು ಬಿಡುತ್ತಾರೆ. ಆ ಉಸಿರಿಗಾಗಿ ನಾನು ಆ ಸಿನಿಮಾ ಮತ್ತೆ ಮತ್ತೆ ನೋಡುತ್ತೇನೆ.

ಹೇಳುವುದೇನು ಅಂದರೆ, ಮೂಲಕ್ಕೆ ನಿಷ್ಠೆ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬಾರದು.

ಕತ್ತಿವರಸೆ

ಹಾಗಂತ ಏನು ಬೇಕಾದರೂ ಬದಲಾಯಿಸಬಹುದು ಅಂತಲ್ಲ ಅಲ್ವಾ? ‘ಡೆತ್ ನೋಟ್’ ಮಾಂಗಾದಿಂದ ಬಂದ ಎರಡೂ ಸಿನಿಮಾ ನೋಡಿ, ಹೆಸರು ಬರೆದರೆ ಆ ಮನುಷ್ಯ ಸಾಯುವ ಪುಸ್ತಕದ ಕಥೆ. 2006ರ ಜಪಾನಿ ಸಿನಿಮಾದಲ್ಲಿ ಶೂಸುಕೆ ಕನೆಕೊ ಮಾಂಗಾದಲ್ಲಿ ಇಲ್ಲದ ಒಬ್ಬ ಹುಡುಗಿಯನ್ನು ತಂದರು, ಹೀರೋ ಲೈಟ್‌ನ ಪ್ರೇಯಸಿ. ಅವಳ ಗತಿ ಏನಾಗುತ್ತದೆ ಅಂತ ನೋಡಿದ ಮೇಲೆ, ಲೈಟ್ ಎಷ್ಟು ಕಲ್ಲೆದೆಯವನು ಅಂತ ಮಾಂಗಾಕ್ಕಿಂತ ಬೇಗ ಅರ್ಥವಾಗುತ್ತದೆ. ಕೆನಿಚಿ ಮತ್ಸುಯಾಮಾ ಮಾಡಿದ ‘ಎಲ್’ ಅನ್ನುವ ಪತ್ತೇದಾರನ ಪಾತ್ರವಂತೂ ಬಿಡಿ. ಕುರ್ಚಿ ಮೇಲೆ ಮಂಡಿ ಮಡಚಿ ಕೂರುವುದು, ಎರಡು ಬೆರಳಿನಲ್ಲಿ ಫೋನ್ ಹಿಡಿಯುವುದು. ಮಾಂಗಾದಲ್ಲಿ ಇದ್ದದ್ದೇ, ಆದರೆ ಅವರು ಮಾಡಿದಾಗ ಅಭ್ಯಾಸ ಅನಿಸುತ್ತದೆ, ಪೋಸು ಅನಿಸುವುದಿಲ್ಲ.

2017ರಲ್ಲಿ ಅದೇ ಕಥೆಯನ್ನು ಅಮೆರಿಕದ ಸಿಯಾಟಲ್‌ಗೆ ತೆಗೆದುಕೊಂಡು ಹೋದರು. ಊರು ಬದಲಾದದ್ದಕ್ಕೆ ನನಗೆ ಬೇಸರವಿಲ್ಲ. ಲೈಟ್‌ನ ಅಹಂಕಾರವನ್ನೇ ತೆಗೆದುಬಿಟ್ಟರು. ಇಡೀ ಕಥೆ ನಿಂತಿರುವುದು ಅದರ ಮೇಲೆ.

ಒಸಾಕಾ ಲೋಕಲ್

ತಡವಾಗಿ ನೋಡಿದೆ. ನಾನು ಕೆಲಸದ ಮೇಲೆ ಒಸಾಕಾದಲ್ಲಿದ್ದೇನೆ, ಮೂಲ ತುಮಕೂರು. ‘ಹೌಸು’ ತಮಾಷೆ ಅಂದವರಿಗೆ ಒಂದು ವಿಷಯ ಹೇಳಬೇಕು.

ಕಳೆದ ಮಾರ್ಚ್‌ನಲ್ಲಿ ಓನೊಮಿಚಿಗೆ ಹೋಗಿದ್ದೆ, ಓಬಾಯಾಶಿ ಹುಟ್ಟಿದ ಊರು. ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಫುಕುಯಾಮಾಕ್ಕೆ ಹೋಗಿ, ಅಲ್ಲಿಂದ ಲೋಕಲ್ ಹತ್ತಬೇಕು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಡಿದಾದ ಗುಡ್ಡ, ಗುಡ್ಡದ ತುಂಬ ಮೆಟ್ಟಿಲು, ದೇವಸ್ಥಾನ, ಹಳೇ ಮನೆಗಳು, ಎಲ್ಲಿ ನೋಡಿದರೂ ಬೆಕ್ಕು. ಎಷ್ಟೋ ಮನೆಗಳಲ್ಲಿ ಯಾರೂ ಇಲ್ಲ. ಬಾಗಿಲ ಮುಂದೆ ಹೂಕುಂಡ ಮಾತ್ರ ಉಳಿದಿದೆ. ಒಂದು ಮೆಟ್ಟಿಲ ಮೇಲೆ ಬಿಳಿ ಬೆಕ್ಕು ಕೂತು ನನ್ನನ್ನೇ ನೋಡುತ್ತಿತ್ತು. ಆ ಸಿನಿಮಾ ನೋಡಿದವರಿಗೆ ಬಿಳಿ ಬೆಕ್ಕು ಅಂದರೆ ಏನು ಅಂತ ಗೊತ್ತು. ನಾನು ಬೇರೆ ದಾರಿಯಲ್ಲಿ ಇಳಿದೆ.

ಓನೊಮಿಚಿ ಇರುವುದು ಹಿರೋಷಿಮಾ ಪ್ರಾಂತ್ಯದಲ್ಲಿ. ಓಬಾಯಾಶಿ ಹುಟ್ಟಿದ್ದು 1938ರಲ್ಲಿ. ಬಾಂಬ್ ಬಿದ್ದಾಗ ಏಳು ವರ್ಷದ ಹುಡುಗ. ಅವರ ಬಾಲ್ಯದ ಗೆಳೆಯರು ಅದರಲ್ಲಿ ಸತ್ತರು. ಈಗ ‘ಹೌಸು’ ನೆನಪಿಸಿಕೊಳ್ಳಿ. ಆ ದೊಡ್ಡಮ್ಮ ಯಾರು? ಮದುವೆ ನಿಶ್ಚಯವಾಗಿದ್ದ ಹುಡುಗ ಯುದ್ಧಕ್ಕೆ ಹೋಗಿ ವಾಪಸ್ ಬರಲಿಲ್ಲ. ಬಂದೇ ಬರುತ್ತಾನೆ ಅಂತ ಕಾಯುತ್ತಾ ಕಾಯುತ್ತಾ ಅವಳೇ ಮನೆಯಾಗಿಬಿಟ್ಟಳು. ಮದುವೆಯಾಗದ ಹುಡುಗಿಯರನ್ನು ತಿಂದರೆ ಅವಳು ಮತ್ತೆ ಮದುಮಗಳ ಬಟ್ಟೆ ತೊಡಬಹುದು.

ಅವಳ ಕಥೆಯನ್ನು ಹಳೇ ಮೂಕಿ ಸಿನಿಮಾದ ಹಾಗೆ ತೋರಿಸುವ ಜಾಗದಲ್ಲಿ, ಹುಡುಗಿಯರು ಅದನ್ನು ನೋಡುತ್ತಿರುವವರ ಹಾಗೆ ಮಾತಾಡುತ್ತಾರೆ. ಅಣುಬಾಂಬಿನ ಹೊಗೆ ಎದ್ದಾಗ ಒಬ್ಬಳು, ಬಾಂಬೆ ಮಿಠಾಯಿ ತರಹ ಇದೆ ಅಂತಾಳೆ. ನಾನು ಮೊದಲ ಸಲ ನಕ್ಕಿದ್ದೆ. ಓನೊಮಿಚಿಯಿಂದ ಬಂದ ಮೇಲೆ ಮತ್ತೆ ನೋಡಿದಾಗ ಆ ಮಾತಿಗೆ ಗಂಟಲು ಕಟ್ಟಿತು. ಆ ಹುಡುಗಿಯರಿಗೆ ಯುದ್ಧ ಗೊತ್ತೇ ಇಲ್ಲ. ಕಾದು ಕಾದು ಕರಗಿದವಳ ಮುಂದೆ ಹಾಗಂತಾರೆ. ಆ ಮನೆಗೆ ಅವರ ಮೇಲೆ ಯಾಕೆ ಅಷ್ಟು ಹಸಿವು ಅಂತ ಆಗ ಅರ್ಥವಾಯಿತು.

ಓಬಾಯಾಶಿ ಕೊನೆಯವರೆಗೂ ಯುದ್ಧವನ್ನು ಬಿಡಲಿಲ್ಲ. ಕೊನೆಯ ಸಿನಿಮಾವನ್ನು ಕ್ಯಾನ್ಸರ್ ಇಟ್ಟುಕೊಂಡೇ ಮಾಡಿದರು, ಓನೊಮಿಚಿಯ ಒಂದು ಟಾಕೀಸಿನ ಕಥೆ. ಅದು 2020ರ ಏಪ್ರಿಲ್ 10ಕ್ಕೆ ಬಿಡುಗಡೆ ಆಗಬೇಕಿತ್ತು. ಕೊರೊನಾದಿಂದ ಮುಂದಕ್ಕೆ ಹೋಯಿತು. ಅದೇ ಏಪ್ರಿಲ್ 10ರಂದು ಅವರು ತೀರಿಕೊಂಡರು.

ಕಡಲತಡಿ

ಒಸಾಕಾ ಅಣ್ಣ, ಇದನ್ನು ಓದಿದ ಮೇಲೆ ತಮಾಷೆ ಅಂದ ನನ್ನ ಮಾತು ವಾಪಸ್ ತೆಗೆದುಕೊಂಡೆ. ನಮ್ಮಜ್ಜಿಯ ಅಕ್ಕ ಒಬ್ಬರಿದ್ದರು. ಗಂಡ ಬೊಂಬಾಯಿಗೆ ಹೋದವರು ಬರಲೇ ಇಲ್ಲ. ಸಾಯುವವರೆಗೂ ರಾತ್ರಿ ಹೊರಬಾಗಿಲಿಗೆ ಚಿಲಕ ಹಾಕಲು ಬಿಡುತ್ತಿರಲಿಲ್ಲ. ಇವತ್ತು ರಾತ್ರಿ ‘ಹೌಸು’ ಮತ್ತೆ ಹಾಕುತ್ತೇನೆ.

ಹಾಳೆ ತಿರುವುವವ

ಆಮೇಲೆ ಬರೆಯುತ್ತೇನೆ ಅಂದಿದ್ದನ್ನು ಒಸಾಕಾದವರು ನನಗಿಂತ ಚೆನ್ನಾಗಿ ಬರೆದರು. ನನ್ನದು ಒಂದು ಚಿಕ್ಕ ವಿಷಯ ಉಳಿದಿದೆ.

‘ಹೌಸು’ ಹುಟ್ಟಿದ್ದು ಓಬಾಯಾಶಿಯವರ ಮಗಳು ಚಿಗುಮಿಯ ತಲೆಯಲ್ಲಿ. ಆಗ ಅವಳು ಶಾಲೆಗೆ ಹೋಗುವ ಹುಡುಗಿ. ಏನು ಕಂಡರೆ ಹೆದರಿಕೆ ಅಂತ ಅಪ್ಪ ಕೇಳಿದರು. ಕನ್ನಡಿಯೊಳಗಿನ ನಾನು ಹೊರಗೆ ಬಂದು ನನ್ನನ್ನೇ ತಿಂದರೆ ಅಂದಳು. ಪಿಯಾನೊ ಪಾಠದಲ್ಲಿ ಬೆರಳು ನೋಯುತ್ತಿತ್ತಂತೆ, ಕೀಗಳು ಕಚ್ಚುತ್ತವೆ ಅಂದಳು. ಬಾವಿಯಿಂದ ಮೇಲೆತ್ತುವ ಕಲ್ಲಂಗಡಿ ಯಾರದೋ ತಲೆಯ ಹಾಗೆ ಅಂದಳು. ಅಪ್ಪ ಎಲ್ಲವನ್ನೂ ಚಿಹೊ ಕತ್ಸುರಾ ಎಂಬ ಲೇಖಕರಿಗೆ ಕೊಟ್ಟು ಚಿತ್ರಕಥೆ ಬರೆಸಿದರು. ತೊಹೊ ಸಿನಿಮಾ ಕಂಪನಿಯಲ್ಲಿ ಅದನ್ನು ನಿರ್ದೇಶಿಸಲು ಯಾರೂ ಮುಂದೆ ಬರಲಿಲ್ಲ. ಸಿನಿಮಾ ಶುರುವಾಗುವ ಮೊದಲೇ ಅದರ ಹಾಡು, ರೇಡಿಯೊ ನಾಟಕ ಬಂದುಬಿಟ್ಟಿದ್ದವು. ಕೊನೆಗೆ ಅವರಿಗೇ ಕೊಟ್ಟರು.

ಮೊನ್ನೆ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳಿಗೆ ಹನ್ನೊಂದು ವರ್ಷ. ಸಿನಿಮಾ ತೋರಿಸಲಿಲ್ಲ, ಅದು ಅವಳ ವಯಸ್ಸಿಗಲ್ಲ. ಪಿಯಾನೊ ಕಥೆ ಮಾತ್ರ ಬಾಯಲ್ಲಿ ಹೇಳಿ, ನಿನಗೆ ಏನು ಕಂಡರೆ ಹೆದರಿಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದಳು. ಹಿತ್ತಲ ಕೋಣೆಯಲ್ಲಿ ಅಜ್ಜಿಯ ಒರಳುಕಲ್ಲು ಇದೆ, ಮಿಕ್ಸಿ ಬಂದ ಮೇಲೆ ಯಾರೂ ರುಬ್ಬುವುದಿಲ್ಲ. ರಾತ್ರಿ ನೀರು ಕುಡಿಯಲು ಎದ್ದಾಗ ಗುಂಡು ತಿರುಗುವ ಸದ್ದು ಬರುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಒರಳು ಒದ್ದೆಯಾಗಿರುತ್ತದೆ.

ಒಳಗೆ ಏನಿತ್ತು ಅಂತ ಕೇಳಿದೆ. ಇನ್ನೂ ಬಗ್ಗಿ ನೋಡಿಲ್ಲ ಮಾವ ಅಂದಳು.